ಗರ್ಭಕೊರಳಿನ ಕ್ಯಾನ್ಸರ್: ಊಟದಿಂದ ಏನಾಗುತ್ತದೆ, ಏನಾಗುವುದಿಲ್ಲ

ಬೆಂಗಳೂರಿನಲ್ಲಿ ಆಹಾರ ಸಲಹೆ ಕೊಡುವ ಕೆಲಸ ನನ್ನದು. ಓದುಗರು ಮತ್ತೆ ಮತ್ತೆ ಕೇಳುವುದು ಎರಡೇ ಪ್ರಶ್ನೆ. ಮೊದಲನೆಯದು, "ಗರ್ಭಕೊರಳಿನ ಕ್ಯಾನ್ಸರ್ ಬರಬಾರದು ಅಂದ್ರೆ ಏನು ತಿನ್ನಬೇಕು?" ಎರಡನೆಯದು, "ಅಕ್ಕನಿಗೆ ಬಂದಿದೆ, ರೇಡಿಯೇಷನ್ ಶುರುವಾಗಿದೆ, ಏನು ಮಾಡಿಕೊಡಲಿ?" ಕೇಳುವವರು ಎರಡಕ್ಕೂ ಒಂದೇ ಉತ್ತರ ಇರುತ್ತದೆ ಎಂದುಕೊಂಡಿರುತ್ತಾರೆ. ಹಾಗಿಲ್ಲ. ಆರೋಗ್ಯವಾಗಿರುವಾಗ ದಿನಾ ತಿನ್ನಿ ಎಂದು ನಾನು ಹೇಳುವ ಸೊಪ್ಪನ್ನೇ ಚಿಕಿತ್ಸೆಯ ಮೂರನೇ ವಾರದಲ್ಲಿ ಸ್ವಲ್ಪ ದಿನ ಬಿಡಿ ಎನ್ನಬೇಕಾಗುತ್ತದೆ. ಹಾಗಾಗಿ ಎರಡಕ್ಕೂ ಸೇರಿಸಿ, ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಈಗಲೇ ಹೇಳಬೇಕು. ಈ ಕ್ಯಾನ್ಸರನ್ನು ತಾನೊಂದೇ ತಡೆಯುವ ಆಹಾರ ಯಾವುದೂ ಇಲ್ಲ, ವಾಸಿಮಾಡುವ ಆಹಾರವಂತೂ ಇಲ್ಲವೇ ಇಲ್ಲ. ಲಸಿಕೆ ಮತ್ತು ತಪಾಸಣೆಯ ಜಾಗದಲ್ಲಿ ಪಥ್ಯ ಕೂತುಬಿಟ್ಟಾಗ ಹೆಂಗಸರ ಜೀವಕ್ಕೇ ಕುತ್ತು ಬರುತ್ತದೆ. ಊಟಕ್ಕೆ ಅದರದೇ ಕೆಲಸವಿದೆ, ದೊಡ್ಡ ಕೆಲಸವೇ. ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಿರಬೇಕು, ಅಷ್ಟೆ.

ಓದುವ ಮೊದಲು ಇವನ್ನು ಹತ್ತಿರ ಇಟ್ಟುಕೊಳ್ಳಿ: ಹೊಲಿಗೆಯ ಅಳತೆ ಟೇಪು, ತೂಕದ ಮಾಪಕ, ಇತ್ತೀಚಿನ ಹಿಮೋಗ್ಲೋಬಿನ್ ವರದಿ ಇದ್ದರೆ ಅದು, ಒಂದು ಕ್ಯಾಲೆಂಡರ್, ಒಂದು ಪೆನ್ನು. ಮನೆಯಲ್ಲಿ ಹೆಣ್ಣುಮಗುವಿದ್ದರೆ ಅವಳ ವಯಸ್ಸನ್ನೂ ಬರೆದುಕೊಳ್ಳಿ.

1. ಕಾಯಿಲೆ ಎಲ್ಲಿಂದ ಬರುತ್ತದೆ, ತಿಳಿದುಕೊಳ್ಳಿ

ಗರ್ಭಕೋಶದ ಕೆಳತುದಿ, ಯೋನಿಗೆ ತೆರೆದುಕೊಳ್ಳುವ ಕಿರಿದಾದ ಭಾಗವೇ ಗರ್ಭಕೊರಳು. ಇಲ್ಲಿ ಬರುವ ಕ್ಯಾನ್ಸರಿಗೆ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಕಾರಣ ಎಚ್‌ಪಿವಿ ಎಂಬ ವೈರಸ್. ಪೂರ್ತಿ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್. ಈ ನಂಟನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಟ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. 16 ಮತ್ತು 18ನೇ ಬಗೆಗಳೆರಡೇ ಜಗತ್ತಿನ ನೂರು ಪ್ರಕರಣಗಳಲ್ಲಿ ಸುಮಾರು 70ಕ್ಕೆ ಕಾರಣ.

ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂದ ಕೂಡಲೇ ಮುಜುಗರ ಪಡಬೇಕಿಲ್ಲ. ದಾಂಪತ್ಯ ನಡೆಸುವ ಬಹುತೇಕ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಂದಲ್ಲ ಒಂದು ಸಲ ಇದು ತಗುಲುತ್ತದೆ. ಯಾರ ನಡತೆಗೂ ಇದು ಸರ್ಟಿಫಿಕೇಟ್ ಅಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಬೇರೂರಿ ಕುಳಿತು, ಜೀವಕೋಶಗಳನ್ನು ನಿಧಾನವಾಗಿ ಬದಲಿಸುತ್ತಾ ಸಾಮಾನ್ಯವಾಗಿ 15ರಿಂದ 20 ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತದೆ. ಎಚ್‌ಐವಿ ಇರುವವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇನ್ನೂ ಬೇಗ.

ಊಟದ ಪ್ರಶ್ನೆ ಬರುವುದು ಇಲ್ಲಿ. ವೈರಸ್ ತಗುಲದಂತೆ ಊಟ ತಡೆಯುವುದಿಲ್ಲ. ತಗುಲಿದ ವೈರಸನ್ನು ದೇಹ ಹೊರಹಾಕಲು ಒಳ್ಳೆಯ ಪೋಷಣೆ ಒತ್ತಾಸೆಯಾಗಬಹುದು. ಹಣ್ಣು, ಸೊಪ್ಪು, ತರಕಾರಿ ಚೆನ್ನಾಗಿ ತಿನ್ನುವ ಹೆಂಗಸರಲ್ಲಿ ಗರ್ಭಕೊರಳಿನ ಪೂರ್ವಬದಲಾವಣೆಗಳು, ಅಂದರೆ ಕ್ಯಾನ್ಸರಿಗೆ ಮೊದಲು ಜೀವಕೋಶಗಳಲ್ಲಿ ಆಗುವ ಬದಲಾವಣೆಗಳು, ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅಂಥವರು ಹೊಗೆ ಸೇದುವುದೂ ಕಡಿಮೆ, ಆಸ್ಪತ್ರೆಗೆ ಹೋಗುವುದೂ ಹೆಚ್ಚು. ಆದ್ದರಿಂದ ಅದರಲ್ಲಿ ಸೊಪ್ಪಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

2. "ಹೀಟ್ ಆಗಿದೆ" ಎಂದು ಮುಂದೂಡಬೇಡಿ

ಈ ಹಂತವನ್ನು ದಯವಿಟ್ಟು ಓಡಿಸಿಕೊಂಡು ಓದಬೇಡಿ. ನಮ್ಮಲ್ಲಿ ಬಿಳಿ ಸೆರಗು ಜಾಸ್ತಿಯಾದರೆ ಮೊದಲು ಬರುವ ಮಾತು "ಮೈ ಹೀಟ್ ಆಗಿದೆ." ಮೆಂತ್ಯ ನೆನೆಸಿ ಕುಡಿ, ಬೂದುಗುಂಬಳದ ರಸ ತಗೋ, ಎಳನೀರು ಕುಡಿ, ಖಾರ ಬಿಡು. ಎಲ್ಲವೂ ಒಳ್ಳೆಯ ಪದಾರ್ಥಗಳೇ. ಆದರೆ ಅವುಗಳ ಮೇಲೆ ನಂಬಿಕೆ ಇಟ್ಟು ತಿಂಗಳುಗಟ್ಟಲೆ ಕಾದುಬಿಡುತ್ತೇವೆ. ಸೆರಗು ಒಂದು ವಾರ ಕಡಿಮೆಯಾದಂತೆ ಕಾಣುತ್ತದೆ, ಮತ್ತೆ ಬರುತ್ತದೆ, ಮತ್ತೆ ಮೆಂತ್ಯ. ಹೀಗೇ ಒಂದು ವರ್ಷ ಕಳೆದಿರುತ್ತದೆ.

ಇವುಗಳಲ್ಲಿ ಒಂದಿದ್ದರೂ ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು:

- ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಾಣಿಸಿಕೊಳ್ಳುವುದು
- ಒಂದು ಮುಟ್ಟಿಗೂ ಇನ್ನೊಂದು ಮುಟ್ಟಿಗೂ ನಡುವೆ ರಕ್ತಸ್ರಾವ
- ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ಕೆಂಪು ಕಾಣುವುದು, ಒಂದೇ ತೊಟ್ಟಾದರೂ ಸರಿ
- ದುರ್ವಾಸನೆಯ ಅಥವಾ ರಕ್ತಮಿಶ್ರಿತ ಸೆರಗು
- ಬಿಡದೆ ಕಾಡುವ ಕಿಬ್ಬೊಟ್ಟೆ, ಸೊಂಟದ ನೋವು

ಸೆರಗು ಇದ್ದವರಿಗೆಲ್ಲ ಕ್ಯಾನ್ಸರ್ ಎಂದರ್ಥವಲ್ಲ. ಬಹುಪಾಲು ಸಾಮಾನ್ಯ ಸೋಂಕೇ ಆಗಿರುತ್ತದೆ, ಮಾತ್ರೆಯಿಂದ ಹೋಗುತ್ತದೆ. ಯಾವುದು ಎಂದು ಹೇಳಬೇಕಾದದ್ದು ಪರೀಕ್ಷೆ. ಮುಟ್ಟು ನಿಂತ ಮೇಲಿನ ರಕ್ತವನ್ನು "ಹೋದದ್ದು ಮತ್ತೆ ಬಂತು, ಒಳ್ಳೇದೇ ಆಯ್ತು" ಎಂದುಕೊಳ್ಳುವ ಹಿರಿಯರು ಇನ್ನೂ ಇದ್ದಾರೆ. ನಿಮ್ಮ ಅಮ್ಮ, ಅತ್ತೆಯನ್ನು ಕೂರಿಸಿಕೊಂಡು ಒಮ್ಮೆ ಕೇಳಿ. ಅವರು ತಾವಾಗಿ ಹೇಳುವುದಿಲ್ಲ.

3. ಮೊದಲು ತಪಾಸಣೆಯ ದಿನ ಗುರುತು ಹಾಕಿ, ಆಮೇಲೆ ಅಡುಗೆಮನೆಗೆ ಹೋಗಿ

ಲಕ್ಷಣ ಏನೂ ಇಲ್ಲದಿದ್ದರೂ 30 ದಾಟಿದ ಪ್ರತಿ ಹೆಂಗಸೂ ತಪಾಸಣೆ ಮಾಡಿಸಿಕೊಳ್ಳಬೇಕು. ಮೂರು ಬಗೆಗಳಿವೆ.

ವಿಐಎ: ಗರ್ಭಕೊರಳಿಗೆ ವಿನಿಗರ್‌ನಲ್ಲಿರುವ ಆಮ್ಲದ ತೆಳು ದ್ರಾವಣ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಬದಲಾವಣೆ ಇರುವ ಜಾಗ ಬೆಳ್ಳಗಾಗುತ್ತದೆ. ಸ್ವಲ್ಪ ಚುರುಕ್ಕೆನ್ನಬಹುದು. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ 5 ವರ್ಷಕ್ಕೊಮ್ಮೆ ಮಾಡುವುದು ಇದನ್ನೇ.

ಪ್ಯಾಪ್ ಸ್ಮಿಯರ್: ಮೆತ್ತನೆಯ ಬ್ರಷ್‌ನಿಂದ ಜೀವಕೋಶಗಳನ್ನು ಸವರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ.

ಎಚ್‌ಪಿವಿ ಡಿಎನ್‌ಎ ಪರೀಕ್ಷೆ: ವೈರಸ್ ಇದೆಯೇ ಎಂದೇ ನೋಡುತ್ತದೆ. ಮೂರರಲ್ಲಿ ಹೆಚ್ಚು ನಂಬಲರ್ಹವಾದದ್ದು ಇದು. ಫಲಿತಾಂಶ ಸರಿಯಿದ್ದರೆ ಮುಂದಿನದು 5 ವರ್ಷದ ನಂತರವಾದರೂ ಆಗುತ್ತದೆ. ಹಣ ಹೊಂದಿಸಿಕೊಳ್ಳಬಲ್ಲವರಿಗೆ ನಾನು ಹೇಳುವುದು ಇದನ್ನೇ.

ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು? ನಿಮ್ಮ ವಾರ್ಡಿನ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ದಾರಿ ತೋರಿಸುತ್ತಾರೆ. ವಾಣಿವಿಲಾಸ, ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರದ ಸಾರ್ವಜನಿಕ ಆಸ್ಪತ್ರೆ, ಇಲ್ಲೆಲ್ಲ ಸ್ತ್ರೀರೋಗ ವಿಭಾಗವಿದೆ. 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಅಂದರೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ, ಡೇರಿ ಸರ್ಕಲ್ ಹತ್ತಿರವೇ ಇದೆ.

ಇಲ್ಲಿ ಆಗುವ ತಪ್ಪುಗಳು ಕೆಲವಿವೆ. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದುಕೊಂಡು ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಸಾಲಿನಲ್ಲಿ ನಿಂತು ತಲೆಸುತ್ತು ಬರಿಸಿಕೊಳ್ಳುವವರಿದ್ದಾರೆ. ಈ ಯಾವ ಪರೀಕ್ಷೆಗೂ ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಹೋಗಿ. ಮುಟ್ಟಿನ ದಿನಗಳಲ್ಲಿ ಹೋಗಬೇಡಿ. ಹಿಂದಿನ ಎರಡು ದಿನ ಗಂಡನ ಜೊತೆ ಸೇರುವುದು, ಒಳಗೆ ಇಡುವ ಮಾತ್ರೆ, ಮುಲಾಮು, ಒಳಗೆ ನೀರು ಹಾಕಿ ತೊಳೆಯುವುದು ಬೇಡ. ಇನ್ನು, "ನನಗೆ ಇಬ್ಬರು ಮಕ್ಕಳು, ಇಪ್ಪತ್ತು ವರ್ಷದ ಸಂಸಾರ, ನನಗ್ಯಾಕೆ" ಎನ್ನುವುದು. ವೈರಸ್ ತಗುಲಿ ಕ್ಯಾನ್ಸರ್ ಆಗಲು ಹಿಡಿಯುವ ಕಾಲವೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ನೆನಪಿಡಿ.

ಎಚ್‌ಐವಿ ಇರುವವರಿಗೆ ಅಪಾಯ ಸುಮಾರು ಆರು ಪಟ್ಟು. ಅವರು 25ರಿಂದಲೇ ತಪಾಸಣೆ ಶುರುಮಾಡಬೇಕು.

ಮಗಳಿಗೆ ಎಚ್‌ಪಿವಿ ಲಸಿಕೆ: 9ರಿಂದ 14 ವರ್ಷದವರಿಗೆ 6 ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದ್ದರೆ ಮೂರು ಡೋಸ್ ಎಂಬುದು ಹಿಂದಿನಿಂದ ಬಂದ ಪಟ್ಟಿ. ಒಂದೇ ಡೋಸ್ ಕೂಡ ಒಳ್ಳೆಯ ರಕ್ಷಣೆ ಕೊಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿಕೊಂಡಿದೆ. ಪುಣೆಯ ಸೀರಂ ಸಂಸ್ಥೆಯ ಸೆರ್ವಾವ್ಯಾಕ್ ನಮ್ಮ ದೇಶದ್ದೇ ಲಸಿಕೆ. ಲಸಿಕೆಗೂ ಪಥ್ಯವಿಲ್ಲ. ಹೊಟ್ಟೆ ತುಂಬಿಸಿ ಕರೆದೊಯ್ಯಿರಿ, ಹಾಕಿಸಿದ ಮೇಲೆ 15 ನಿಮಿಷ ಅಲ್ಲೇ ಕೂರಿಸಿ. ಈ ವಯಸ್ಸಿನ ಹುಡುಗಿಯರು ಸೂಜಿಗೆ ಹೆದರಿ ತಲೆತಿರುಗಿ ಬೀಳುವುದುಂಟು. ಲಸಿಕೆ ಹಾಕಿಸಿಕೊಂಡವರೂ ಮುಂದೆ 30ಕ್ಕೆ ತಪಾಸಣೆ ಬಿಡುವಂತಿಲ್ಲ.

4. ಈಗ ತಟ್ಟೆ

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಕ್ಕಡಿ ಹಿಡಿಯಬೇಕಿಲ್ಲ: ಮಧ್ಯಾಹ್ನ ಒಂದು ದೊಡ್ಡ ಬಟ್ಟಲು ಪಲ್ಯ, ರಾತ್ರಿ ಇನ್ನೊಂದು, ನಡುವೆ ಒಂದು ಸೀಬೆಹಣ್ಣೋ ಎರಡು ಹೋಳು ಪಪ್ಪಾಯವೋ. ಇಷ್ಟಾದರೆ ಅಲ್ಲಿಗೆ ಬಂತು.

ಗರ್ಭಕೊರಳಿನ ವಿಷಯದಲ್ಲಿ ಹೆಚ್ಚು ಅಧ್ಯಯನ ನಡೆದಿರುವ ಪೋಷಕಾಂಶಗಳು ನಾಲ್ಕು. ಫೋಲೇಟ್, ಅಂದರೆ ಜೀವಕೋಶಗಳು ತಮ್ಮ ಡಿಎನ್‌ಎ ಕಟ್ಟಿಕೊಳ್ಳಲು, ರಿಪೇರಿ ಮಾಡಿಕೊಳ್ಳಲು ಬೇಕಾದ ಬಿ ಗುಂಪಿನ ವಿಟಮಿನ್. ಸೊಪ್ಪು, ಕಾಳು, ಬೇಳೆಗಳಲ್ಲಿದೆ. ಕ್ಯಾರೊಟಿನಾಯ್ಡ್, ಅಂದರೆ ಕ್ಯಾರೆಟ್, ಸಿಹಿಕುಂಬಳ, ಪಪ್ಪಾಯದ ಕೇಸರಿ ಬಣ್ಣ ಮತ್ತು ಅದರ ಬಳಗ; ಸೊಪ್ಪಿನ ಹಸಿರಿನ ಹಿಂದೆಯೂ ಅಡಗಿದೆ. ವಿಟಮಿನ್ ಸಿ, ನೆಲ್ಲಿಕಾಯಿ, ಸೀಬೆ, ನಿಂಬೆಯಲ್ಲಿ. ವಿಟಮಿನ್ ಇ, ಕಡಲೆಕಾಯಿ, ಸೂರ್ಯಕಾಂತಿ ಬೀಜ, ಎಣ್ಣೆಗಳಲ್ಲಿ. ನಾಲ್ಕೂ ನಮ್ಮ ಕೈಗೆಟಕುವವೇ. ಬ್ಲೂಬೆರಿ, ಕೇಲ್ ಹುಡುಕಿಕೊಂಡು ಮಾಲ್‌ಗೆ ಹೋಗಬೇಕಿಲ್ಲ. ಗಾಂಧಿ ಬಜಾರ್‌ನಲ್ಲೋ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೋ ಸೊಪ್ಪಿನವರ ಮುಂದೆ ನಿಂತರೆ ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ಬಸಳೆ, ನುಗ್ಗೆ, ಪಾಲಕ್ ಎಲ್ಲ ಸಿಗುತ್ತವೆ. ಹಣ್ಣಿಗೆ ಹಾಪ್‌ಕಾಮ್ಸ್ ಮಳಿಗೆ ಇದೆ.

ಸೊಪ್ಪು ತರುವುದಕ್ಕಿಂತ ಬೇಯಿಸುವುದರಲ್ಲಿ ಹೆಚ್ಚು ಕಳೆದುಕೊಳ್ಳುತ್ತೇವೆ. ಫೋಲೇಟ್ ಮತ್ತು ವಿಟಮಿನ್ ಸಿ ನೀರಿನಲ್ಲಿ ಕರಗುತ್ತವೆ. ಬೇಯಿಸಿದ ನೀರನ್ನು ಸಿಂಕಿಗೆ ಚೆಲ್ಲಿದರೆ ಅವೂ ಹೋದವು. ಇದಕ್ಕೆ ನಮ್ಮಲ್ಲೇ ಚೆಂದದ ಪರಿಹಾರವಿದೆ, ಬಸ್ಸಾರು. ಸೊಪ್ಪನ್ನು ಬಿಡಿಸಿ, ಮೂರು ನೀರಿನಲ್ಲಿ ತೊಳೆದು, ತೊಳೆದ ಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಕತ್ತರಿಸಿದ ಕಡೆಯಿಂದ ಸಾರ ಹೋಗುತ್ತದೆ. ಹೆಸರುಕಾಳನ್ನೋ ತೊಗರಿಬೇಳೆಯನ್ನೋ ಮುಕ್ಕಾಲು ಬೇಯಿಸಿ, ಸೊಪ್ಪು ಕೊನೆಗೆ ಹಾಕಿ, ಬಣ್ಣ ಮಾಸುವ ಮೊದಲೇ ಇಳಿಸಿ, ಕಟ್ಟು ಬಸಿದುಕೊಳ್ಳಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಸ್ವಲ್ಪ ಕಾಯಿ, ಹುಣಸೆ, ಸಾರಿನ ಪುಡಿ ರುಬ್ಬಿ ಆ ಕಟ್ಟಿಗೆ ಬೆರೆಸಿದರೆ ಸಾರು. ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ನೀರಿಗಿಳಿದ ಫೋಲೇಟ್ ಸಾರಿನ ಮೂಲಕ ತಟ್ಟೆಗೇ ವಾಪಸ್ ಬರುತ್ತದೆ, ಒಗ್ಗರಣೆಯ ಎಣ್ಣೆ ಕ್ಯಾರೊಟಿನಾಯ್ಡ್ ಮೈಗೆ ಹತ್ತಲು ನೆರವಾಗುತ್ತದೆ. ಜೊತೆಗೊಂದು ರಾಗಿ ಮುದ್ದೆ, ಮೇಲೆ ನಿಂಬೆ ಹಿಂಡಿಕೊಳ್ಳಿ. ಸೊಪ್ಪು ಮತ್ತು ರಾಗಿಯ ಕಬ್ಬಿಣ ಹೀರಿಕೊಳ್ಳಲು ವಿಟಮಿನ್ ಸಿ ಬೇಕು. ಊಟದ ಹಿಂದೆಯೇ ಕಾಫಿ, ಟೀ ಬೇಡ. ಒಂದು ಗಂಟೆಯಾದರೂ ಬಿಡಿ, ಇಲ್ಲದಿದ್ದರೆ ಅವು ಕಬ್ಬಿಣಕ್ಕೆ ಅಡ್ಡಬರುತ್ತವೆ.

ಕಬ್ಬಿಣದ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ರಕ್ತಹೀನತೆಯಿಂದ ಈ ಕ್ಯಾನ್ಸರ್ ಬರುವುದಿಲ್ಲ. ಆದರೆ ಯಾವ ಕಾಯಿಲೆ ಬಂದರೂ ತಡೆದುಕೊಳ್ಳಲು ಮೈಯಲ್ಲಿ ರಕ್ತ ಇರಬೇಕು. ನಿಮ್ಮ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಬರೀ ದಾಳಿಂಬೆ, ಬೀಟ್‌ರೂಟ್ ನಂಬಿಕೊಂಡು ಕೂರಬೇಡಿ; ವೈದ್ಯರು ಬರೆದ ಕಬ್ಬಿಣದ ಮಾತ್ರೆ ಬೇಕಾಗುತ್ತದೆ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ ಯಾಕೆ ಎಂದೂ ನೋಡಿಸಬೇಕು.

ಬೆಳಿಗ್ಗೆ ಏಳಕ್ಕೇ ಮನೆ ಬಿಡುವ ಗಾರ್ಮೆಂಟ್ಸ್ ಅಕ್ಕಂದಿರಿಗೆ ಬಸ್ಸಾರಿನ ಪಾಠ ಹೇಳುವುದು ನ್ಯಾಯವಲ್ಲ, ಗೊತ್ತು. ಅವರಿಗೆ ಬೇರೆ ದಾರಿ: ಡಬ್ಬಿಯ ಚಿತ್ರಾನ್ನಕ್ಕೆ ಒಂದು ಹಿಡಿ ಹೆಚ್ಚು ಕಡಲೆಕಾಯಿ, ಕ್ಯಾರೆಟ್ ತುರಿ, ಬೇಯಿಸಿದ ಮೊಳಕೆ ಹೆಸರುಕಾಳು, ಬ್ಯಾಗಿನಲ್ಲಿ ಒಂದು ಸೀಬೆಹಣ್ಣು. ಭಾನುವಾರ ನುಗ್ಗೆಸೊಪ್ಪನ್ನು ನೆರಳಲ್ಲಿ ಒಣಗಿಸಿ ಚಟ್ನಿಪುಡಿ ಮಾಡಿಟ್ಟುಕೊಂಡರೆ ವಾರಪೂರ್ತಿ ಬರುತ್ತದೆ.

ಇನ್ನೊಂದು ಮಾತು, ಇದು ಪಟ್ಟಿಗೆ ಸೇರದು, ಆದರೂ ಬರೆಯದೆ ಇರಲಾರೆ. ಎಷ್ಟೋ ಮನೆಗಳಲ್ಲಿ ಪಲ್ಯ ಮಾಡುವವಳಿಗೇ ಪಲ್ಯ ಸಿಗುವುದಿಲ್ಲ. ಗಂಡ, ಮಕ್ಕಳು, ಅತ್ತೆ ಮಾವ ಉಂಡ ಮೇಲೆ ಪಾತ್ರೆಯ ತಳದ ಸಾರು, ಅನ್ನ. ಬಡಿಸುವ ಮೊದಲೇ ನಿಮ್ಮ ಬಟ್ಟಲಿಗೆ ಪಲ್ಯ ತೆಗೆದಿಟ್ಟುಕೊಳ್ಳಿ. ನಾನು ಕೊಡುವ ಆಹಾರ ಪಟ್ಟಿಗಳೆಲ್ಲ ಇದೊಂದು ಆಗದಿದ್ದರೆ ಬರೀ ಕಾಗದ.

5. ತೂಕ, ಸೊಂಟ, ಹೊಗೆಸೊಪ್ಪು

ಟೇಪು ತೆಗೆದುಕೊಳ್ಳಿ. ಹೊಕ್ಕುಳಿನ ಮಟ್ಟದಲ್ಲಿ ಸುತ್ತಳತೆ 80 ಸೆಂಟಿಮೀಟರ್ ದಾಟಿದ್ದರೆ ಹೊಟ್ಟೆಯ ಕೊಬ್ಬು ಹೆಚ್ಚಿದೆ ಎಂದರ್ಥ. ಬೊಜ್ಜಿಗೂ ಗರ್ಭಕೊರಳಿನ ಕ್ಯಾನ್ಸರಿಗೂ ನಂಟಿದೆ ಎಂಬ ಸೂಚನೆಗಳಿವೆ, ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ಇರುವಷ್ಟು ಗಟ್ಟಿ ಪುರಾವೆ ಇಲ್ಲ. ತೂಕ ಬಹಳ ಹೆಚ್ಚಿದ್ದವರಲ್ಲಿ ತಪಾಸಣೆಯ ವೇಳೆ ಗರ್ಭಕೊರಳು ಸರಿಯಾಗಿ ಕಾಣದೆ ಬದಲಾವಣೆ ತಪ್ಪಿಹೋಗುವ ಸಂಭವವೂ ಇದೆ. ದಪ್ಪಗಿದ್ದೇನೆ ಎಂದು ನಾಚಿ ಪರೀಕ್ಷೆಗೇ ಹೋಗದಿರುವುದು ಇನ್ನೂ ಕೆಟ್ಟದ್ದು. ಬೇಕರಿಯ ಬನ್ನು, ಪಫ್ಸು, ಸಕ್ಕರೆ ಪಾನೀಯ ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ನಡೆಯಿರಿ.

ಸಿಗರೇಟು ಸೇದುವ ಹೆಂಗಸರಲ್ಲಿ ಈ ಕ್ಯಾನ್ಸರಿನ ಅಪಾಯ ಸುಮಾರು ಎರಡು ಪಟ್ಟು. ತಂಬಾಕಿನ ವಿಷವಸ್ತುಗಳು ಗರ್ಭಕೊರಳಿನ ಲೋಳೆಯಲ್ಲೇ ಸಿಕ್ಕಿವೆ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರಿಗೆ ಬಾಯಿ ಕ್ಯಾನ್ಸರಿನ ಅಪಾಯ ಎದುರಿಗೇ ನಿಂತಿದೆ. ಎರಡನ್ನೂ ಬಿಡಬೇಕು; ಎಷ್ಟು ಸೊಪ್ಪು ತಿಂದರೂ ಇದಕ್ಕೆ ಪರಿಹಾರವಾಗದು.

6. ಮಾತ್ರೆ, ಪುಡಿ, ಜ್ಯೂಸುಗಳಿಗೆ ದುಡ್ಡು ಸುರಿಯುವ ಮುನ್ನ

ಸೊಪ್ಪಿನಲ್ಲಿ ಒಳ್ಳೆಯದಿದ್ದರೆ ಅದರ ಸಾರವನ್ನು ಮಾತ್ರೆಯಾಗಿ ನುಂಗಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ವಿಜ್ಞಾನಿಗಳೂ ಹಾಗೇ ಯೋಚಿಸಿ ಪರೀಕ್ಷಿಸಿದರು. ಪೂರ್ವಬದಲಾವಣೆ ಇದ್ದ ಹೆಂಗಸರಿಗೆ ಫೋಲಿಕ್ ಆಮ್ಲ, ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಅಷ್ಟೇ ಅಲ್ಲ, ಫಿನ್‌ಲೆಂಡ್‌ನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕ್ಯಾರೊಟಿನ್ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಯಿತು ಎಂಬುದು 1994ರಲ್ಲಿ ಪ್ರಕಟವಾಯಿತು. ಕ್ಯಾರೆಟ್ ತಿನ್ನಿ, ಕ್ಯಾರೆಟ್ಟಿನ ಮಾತ್ರೆ ಬೇಡ.

ಲಕ್ಷ್ಮಣಫಲ ಕ್ಯಾನ್ಸರನ್ನು ಕೀಮೋಗಿಂತ ಸಾವಿರ ಪಟ್ಟು ಚೆನ್ನಾಗಿ ಕೊಲ್ಲುತ್ತದೆ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. ಮನುಷ್ಯರಲ್ಲಿ ಅದಕ್ಕೆ ಪುರಾವೆ ಇಲ್ಲ. ಅದರಲ್ಲಿರುವ ಒಂದು ರಾಸಾಯನಿಕ ನರಗಳಿಗೆ ಹಾನಿಕರವೆಂಬ ಆತಂಕವೂ ಇದೆ. ಕ್ಷಾರೀಯ ನೀರು ಕುಡಿದರೆ ರಕ್ತ ಕ್ಷಾರವಾಗುವುದಿಲ್ಲ. ರಕ್ತದ ಆಮ್ಲ-ಕ್ಷಾರ ಮಟ್ಟವನ್ನು ದೇಹವೇ 7.35ರಿಂದ 7.45ರ ನಡುವೆ ಹಿಡಿದಿಡುತ್ತದೆ. ಸಕ್ಕರೆ ಪೂರ್ತಿ ಬಿಟ್ಟರೆ ಗಡ್ಡೆ ಉಪವಾಸ ಬೀಳುತ್ತದೆ ಎಂಬುದೂ ಸುಳ್ಳು. ಇದನ್ನು ನಂಬಿ ರೋಗಿಗೆ ಅನ್ನ, ಹಣ್ಣು ಬಿಡಿಸಿದರೆ ಮೊದಲು ಸೊರಗುವುದು ರೋಗಿಯೇ.

7. ವರದಿಯಲ್ಲಿ "ಬದಲಾವಣೆ ಇದೆ" ಎಂದು ಬಂದರೆ

ಗಾಬರಿ ಬೇಡ. ಸಿಐಎನ್ ಎಂದು ಬರೆದಿದ್ದರೆ ಅದು ಕ್ಯಾನ್ಸರ್ ಅಲ್ಲ, ಪೂರ್ವಬದಲಾವಣೆ. 1, 2, 3 ಎಂದು ದರ್ಜೆ ಇರುತ್ತದೆ. ಮೊದಲ ದರ್ಜೆ ಹೆಚ್ಚಾಗಿ ತಾನೇ ಸರಿಹೋಗುತ್ತದೆ, ವೈದ್ಯರು ಕಾದು ನೋಡುತ್ತಾರೆ. 2, 3 ಆಗಿದ್ದರೆ ಕಾಲ್ಪೊಸ್ಕೋಪಿ, ಅಂದರೆ ದೊಡ್ಡದಾಗಿ ಕಾಣಿಸುವ ಉಪಕರಣದಿಂದ ಗರ್ಭಕೊರಳನ್ನು ನೋಡುವುದು, ಬಯಾಪ್ಸಿ, ಅಂದರೆ ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದು, ಆಮೇಲೆ ಆ ಭಾಗವನ್ನಷ್ಟೇ ತೆಗೆಯುವ ಅಥವಾ ಸುಡುವ ಸಣ್ಣ ಚಿಕಿತ್ಸೆ. ಇಲ್ಲಿಗೇ ಮುಗಿಸಿಬಿಡಬಹುದಾದ ಕಾಯಿಲೆ ಇದು. "ಮೂರು ತಿಂಗಳು ಡಯಟ್ ಮಾಡಿ ನೋಡ್ತೀನಿ, ಆಮೇಲೆ ಬರ್ತೀನಿ" ಎಂದು ಮಾತ್ರ ಹೇಳಬೇಡಿ. ಡಯಟ್ ಮಾಡಿ, ಜೊತೆಗೆ ಹೇಳಿದ ದಿನಕ್ಕೆ ಹೋಗಿ.

8. ಚಿಕಿತ್ಸೆ ಶುರುವಾದಾಗ

ಆರಂಭದ ಹಂತದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ. ಸ್ವಲ್ಪ ಮುಂದುವರಿದಿದ್ದರೆ ಸಾಮಾನ್ಯವಾಗಿ ಐದು ವಾರ ಹೊರಗಿನಿಂದ ವಿಕಿರಣ (ರೇಡಿಯೇಷನ್), ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧ, ಕೊನೆಗೆ ಒಳಗಿನಿಂದ ಕೊಡುವ ವಿಕಿರಣ, ಅದಕ್ಕೆ ಬ್ರಾಕಿಥೆರಪಿ ಎನ್ನುತ್ತಾರೆ. ಈ ಕಾಲದಲ್ಲಿ ಊಟದ ಗುರಿ ಬೇರೆ. ತೂಕ ಇಳಿಯಬಾರದು, ಚಿಕಿತ್ಸೆ ನಡುವೆ ನಿಲ್ಲಬಾರದು. ವಿಕಿರಣ ಅರ್ಧಕ್ಕೆ ನಿಂತು ದಿನಗಳು ಲಂಬಿಸಿದರೆ ಅದರ ಫಲವೇ ಕುಗ್ಗುತ್ತದೆ. ಊಟ ನಿಜಕ್ಕೂ ಔಷಧದಷ್ಟೇ ಮುಖ್ಯವಾಗುವುದು ಇಲ್ಲಿ.

ಪ್ರೊಟೀನ್: ಒಂದು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ. 50 ಕಿಲೋ ಇರುವವರಿಗೆ 50ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6, ಒಂದು ಲೋಟ ಹಾಲಿನಲ್ಲಿ 6, 30 ಗ್ರಾಂ ಬೇಳೆಯಲ್ಲಿ 7 ಗ್ರಾಂ. ಬರೀ ಗಂಜಿ, ರಸಂ ಅನ್ನ, ಬ್ರೆಡ್ ಕೊಟ್ಟರೆ ಇದರ ಅರ್ಧಕ್ಕೂ ಬರುವುದಿಲ್ಲ. ಗಂಜಿಗೆ ಹೆಸರುಬೇಳೆ ಸೇರಿಸಿ, ಉಪ್ಪಿಟ್ಟಿನ ಜೊತೆ ಮೊಟ್ಟೆ ಕೊಡಿ, ತಿನ್ನುವವರಿಗೆ ಮೆತ್ತಗೆ ಬೇಯಿಸಿದ ಕೋಳಿ, ಮೀನು ಕೊಡಿ. "ಕ್ಯಾನ್ಸರಿಗೆ ನಂಜು" ಎಂದು ಮೊಟ್ಟೆ, ಬದನೆ, ಮೀನು, ಕಡಲೆಕಾಯಿ ಎಲ್ಲ ಬಿಡಿಸುವ ಹಿರಿಯರಿದ್ದಾರೆ. ಅವರದು ಪ್ರೀತಿಯೇ, ಆದರೆ ರೋಗಿಯ ತಟ್ಟೆಯಲ್ಲಿ ಪ್ರೊಟೀನೇ ಉಳಿಯುವುದಿಲ್ಲ. ವೈದ್ಯರ ಮುಂದೆ ಅವರನ್ನೂ ಕೂರಿಸಿ ಕೇಳಿಸಿ.

ಭೇದಿ: ಕಿಬ್ಬೊಟ್ಟೆಗೆ ವಿಕಿರಣ ಬೀಳುವುದರಿಂದ ಕರುಳಿನ ಒಳಪದರ ಘಾಸಿಗೊಳ್ಳುತ್ತದೆ. ಎರಡನೇ, ಮೂರನೇ ವಾರದಿಂದ ಹೊಟ್ಟೆ ಸಡಿಲವಾಗುವುದು ಸಾಮಾನ್ಯ. ಆಗ ಸೊಪ್ಪು, ಹಸಿ ತರಕಾರಿ, ಇಡೀ ಕಾಳು, ಎಣ್ಣೆಯಲ್ಲಿ ಕರಿದದ್ದು, ಖಾರ ಕಡಿಮೆ ಮಾಡಿ. ಮೆತ್ತನೆಯ ಬಿಳಿ ಅನ್ನಕ್ಕೆ ಮೊಸರು ಕಲಸಿ, ಇಡ್ಲಿ, ಬೇಯಿಸಿದ ಆಲೂಗೆಡ್ಡೆ, ಸಿಪ್ಪೆ ತೆಗೆದ ಸೋರೆಕಾಯಿ, ಬಾಳೆಹಣ್ಣು, ಸೋಸಿದ ಮಜ್ಜಿಗೆ ಕೊಡಿ. ಹಾಲು ಕುಡಿದಾಗ ಹೆಚ್ಚಾದರೆ ಹಾಲು ನಿಲ್ಲಿಸಿ, ಮೊಸರು ಬಹುತೇಕರಿಗೆ ಒಗ್ಗುತ್ತದೆ. ಒಂದು ಪೊಟ್ಟಣ ಓಆರ್‌ಎಸ್ ಪುಡಿಯನ್ನು ಸರಿಯಾಗಿ ಅದರ ಮೇಲೆ ಬರೆದಷ್ಟು ನೀರಿಗೆ (ದೊಡ್ಡ ಪೊಟ್ಟಣವಾದರೆ ಒಂದು ಲೀಟರ್) ಹಾಕಿ ದಿನವಿಡೀ ಗುಟುಕರಿಸಲಿ. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿಯುವುದು ತಪ್ಪು. ಭೇದಿ ಇಲ್ಲದಿದ್ದರೆ ಸೊಪ್ಪು ತರಕಾರಿ ಬಿಡಬೇಕಿಲ್ಲ, ಚೆನ್ನಾಗಿ ಬೇಯಿಸಿ ಕೊಡಿ. ಭೇದಿ ನಿಂತ ಮೇಲೆ ಬಸ್ಸಾರಿಗೆ ನಿಧಾನವಾಗಿ ಮರಳಬಹುದು.

ನೀರು: ಸಿಸ್ಪ್ಲಾಟಿನ್ ಮೂತ್ರಪಿಂಡಕ್ಕೆ ಭಾರ. ಎಷ್ಟು ಕುಡಿಯಬೇಕೆಂದು ಆಸ್ಪತ್ರೆಯಲ್ಲೇ ಕೇಳಿ ಬರೆದುಕೊಳ್ಳಿ. ಶೌಚಾಲಯಕ್ಕೆ ಸಾಲು ನಿಲ್ಲಬೇಕು ಎಂದು ನೀರನ್ನೇ ಕುಡಿಯದೆ ದೂರದ ಬಸ್ಸಿನಲ್ಲಿ ಬರುವ ಹೆಂಗಸರು ಬಹಳ. ಈ ಐದಾರು ವಾರ ಹಾಗೆ ಮಾಡುವಂತಿಲ್ಲ.

ವಾಕರಿಕೆ: ಬರೆದುಕೊಟ್ಟ ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲಲ್ಲ, ಹೇಳಿದ ಹೊತ್ತಿಗೆ ಕೊಡಿ. ಒಗ್ಗರಣೆಯ ಘಾಟು ಆಗದಿದ್ದರೆ ಊಟ ತಣ್ಣಗಾದ ಮೇಲೆ ಬಡಿಸಿ. ಬಾಯಲ್ಲಿ ಕಬ್ಬಿಣದ ರುಚಿ ಎಂದರೆ ಸ್ಟೀಲ್ ಚಮಚ ಬಿಟ್ಟು ಕೈಯಲ್ಲೇ ಉಣ್ಣಲಿ, ನಿಂಬೆ ಹಿಂಡಿ. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ.

ಸ್ವಚ್ಛತೆ: ಕೀಮೋದಿಂದ ಬಿಳಿ ರಕ್ತಕಣ ಇಳಿದಾಗ ಪಾನಿಪುರಿ, ಗಾಡಿಯ ಕತ್ತರಿಸಿದ ಹಣ್ಣು, ಹಸಿ ಚಟ್ನಿ, ನಿನ್ನೆಯ ಅನ್ನ ಬೇಡ. ಕುದಿಸಿ ಆರಿಸಿದ ನೀರು. ಧರ್ಮಶಾಲೆಯಲ್ಲೋ ಬಾಡಿಗೆ ಕೋಣೆಯಲ್ಲೋ ಇರುವವರಿಗೆ ಒಂದು ಸಣ್ಣ ಎಲೆಕ್ಟ್ರಿಕ್ ಕುಕ್ಕರ್, ಅಲ್ಲಿ ಅನುಮತಿ ಇದ್ದರೆ, ದೊಡ್ಡ ಆಸರೆ: ಬೇಳೆ ಅನ್ನ, ಮೊಟ್ಟೆ, ಆಲೂಗೆಡ್ಡೆ ಮೂರೂ ಒಟ್ಟಿಗೆ ಬೇಯುತ್ತವೆ.

ಈ ದಿನಗಳಲ್ಲಿ ಅರಿಶಿನದ ಕ್ಯಾಪ್ಸೂಲ್, ಆಂಟಿ ಆಕ್ಸಿಡೆಂಟ್ ಮಾತ್ರೆ, ಕಷಾಯ, ನಾಟಿ ಔಷಧ, ಯಾವುದನ್ನೂ ವೈದ್ಯರಿಗೆ ಹೇಳದೆ ಕೊಡಬೇಡಿ. ಸಾರಿಗೆ ಹಾಕುವ ಅರಿಶಿನಕ್ಕೆ ಅಡ್ಡಿಯಿಲ್ಲ.

ವಾರಕ್ಕೊಮ್ಮೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು, ಅಂದರೆ 50 ಕಿಲೋದಲ್ಲಿ ಎರಡೂವರೆ ಕಿಲೋ ಇಳಿದರೆ ಆಹಾರತಜ್ಞರನ್ನು ಕಾಣಬೇಕು. ಜ್ವರ 100.4 ಡಿಗ್ರಿ ಮುಟ್ಟಿದರೆ, ನೀರೂ ನಿಲ್ಲದಷ್ಟು ವಾಂತಿಯಾದರೆ, ಮೂತ್ರ ತೀರಾ ಕಡಿಮೆಯಾದರೆ, ರಕ್ತಸ್ರಾವ ಹೆಚ್ಚಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಖರ್ಚಿನ ಚಿಂತೆಯಿದ್ದರೆ ಆಧಾರ್, ರೇಷನ್ ಕಾರ್ಡ್ ಜೊತೆಯಲ್ಲಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಉಳಿದವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ.

9. ಚಿಕಿತ್ಸೆ ಮುಗಿದ ಮೇಲೆ

ಹಂತ 4ರ ತಟ್ಟೆಗೆ ಮರಳಿ, ಆದರೆ ಒಂದೇ ದಿನಕ್ಕಲ್ಲ. ಒಂದೊಂದೇ ತರಕಾರಿ, ಬೇಳೆಯಿಂದ ಕಾಳಿಗೆ, ಕೊನೆಗೆ ಸೊಪ್ಪು. ವಿಕಿರಣದಿಂದ ಅಂಡಾಶಯ ಕೆಲಸ ನಿಲ್ಲಿಸುವುದರಿಂದ ಮುಟ್ಟು ಬೇಗ ನಿಂತು ಮೂಳೆ ಸವೆಯುತ್ತದೆ. ರಾಗಿ, ಹಾಲು, ಮೊಸರು, ಎಳ್ಳು ದಿನನಿತ್ಯ ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಿಟಮಿನ್ ಡಿ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಮೊದಲ ಎರಡು ವರ್ಷ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ ಬರಹೇಳುತ್ತಾರೆ. "ಚೆನ್ನಾಗೇ ಇದ್ದೀನಲ್ಲ" ಎಂದು ತಪ್ಪಿಸಬೇಡಿ. ವಿಕಿರಣ ಮುಗಿದು ವರ್ಷಗಳಾದ ಮೇಲೂ ಕೆಲವರಿಗೆ ಮಲದಲ್ಲಿ, ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವುದುಂಟು. ಪೈಲ್ಸ್ ಇರಬೇಕು, ಹೀಟ್ ಇರಬೇಕು ಎಂದು ಮೂಲಂಗಿ ರಸ, ಮಜ್ಜಿಗೆ ಮಾಡಿಕೊಂಡು ಕೂರದೆ, ಹಳೆಯ ಫೈಲ್ ಹಿಡಿದು ಚಿಕಿತ್ಸೆ ಪಡೆದ ಆಸ್ಪತ್ರೆಗೇ ಹೋಗಿ ತೋರಿಸಿ.